ಫೈಬ್ರೊಮಯಾಲ್ಜಿಯ ಮತ್ತು ದೇಹತೂಕ

ಫೈಬ್ರೊಮಯಾಲ್ಜಿಯ ಮೈಯ ಹಲವು ಕಡೆ ತಿಂಗಳುಗಟ್ಟಲೆ ಬಿಡದೆ ಕಾಡುವ ನೋವಿನ ಕಾಯಿಲೆ. ನೋವಿನ ಜೊತೆಗೆ ಎಷ್ಟು ಮಲಗಿದರೂ ಹೋಗದ ಸುಸ್ತು, ಮತ್ತೆ ಮತ್ತೆ ಎಚ್ಚರವಾಗುವ ನಿದ್ದೆ, ಬೆಳಗ್ಗೆ ಏಳುವಾಗ ಮೈ ಬಿಗಿತ, ಮರೆವು, ಹಿಡಿದ ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಇವೂ ಇರುತ್ತವೆ. ಜನಸಂಖ್ಯೆಯ ಶೇ. 2ರಿಂದ 4ರಷ್ಟು ಮಂದಿಗೆ ಈ ಕಾಯಿಲೆ ಇದೆಯೆಂದು ಅಂದಾಜು, ಹೆಂಗಸರಲ್ಲಿ ಹೆಚ್ಚು. ಕೀಲುಗಳು ಬಾತಿರುವುದಿಲ್ಲ, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ರಕ್ತಪರೀಕ್ಷೆಯ ವರದಿಗಳೆಲ್ಲ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತವೆ.

ಹೀಗಾಗಿ ರೋಗಿಯಲ್ಲಿ ಕಣ್ಣಿಗೆ ಬೀಳುವ, ಅಳೆದು ಬರೆದಿಡಲು ಬರುವ ಸಂಗತಿಯೆಂದರೆ ಅನೇಕ ಸಲ ತೂಕವೊಂದೇ. ‘ಸ್ವಲ್ಪ ತೂಕ ಇಳಿಸಿ, ಎಲ್ಲ ಸರಿಹೋಗುತ್ತೆ’ ಎಂಬ ಮಾತನ್ನು ಕೇಳದ ರೋಗಿ ಅಪರೂಪ. ಆ ಮಾತಿನಲ್ಲಿ ನಿಜ ಎಷ್ಟು, ಅವಸರ ಎಷ್ಟು ಎಂಬುದನ್ನು ಕಳೆದ ಎರಡು ದಶಕಗಳ ಅಧ್ಯಯನಗಳು ತಕ್ಕಮಟ್ಟಿಗೆ ಬಿಡಿಸಿಟ್ಟಿವೆ. ತೂಕ ಈ ಕಾಯಿಲೆಯ ಮೂಲವಲ್ಲ. ಆದರೆ ಹೆಚ್ಚಿನ ತೂಕ ಕಾಯಿಲೆ ಬರುವ ಸಂಭವವನ್ನು ಏರಿಸುತ್ತದೆ, ಬಂದ ಮೇಲೆ ಅದನ್ನು ಬಿರುಸುಗೊಳಿಸುತ್ತದೆ. ಇತ್ತ ಕಾಯಿಲೆಯೂ ಅದಕ್ಕೆ ಕೊಡುವ ಕೆಲವು ಔಷಧಗಳೂ ತೂಕವನ್ನು ಹೆಚ್ಚಿಸುತ್ತವೆ. ಸಂಬಂಧ ಎರಡೂ ಕಡೆಯಿಂದ ಇದೆ. ಚಿಕಿತ್ಸೆಯಲ್ಲಿ ತೂಕವನ್ನೇ ಮೊದಲಿಗೆ ಹಿಡಿದರೆ ಹೆಚ್ಚಾಗಿ ಕೈಗೂಡುವುದಿಲ್ಲ.

ಹಿನ್ನೆಲೆ

1904ರಲ್ಲಿ ಲಂಡನ್ನಿನ ನರರೋಗ ತಜ್ಞ ವಿಲಿಯಂ ಗೋವರ್ಸ್ ಸೊಂಟನೋವಿನ ಕುರಿತ ಉಪನ್ಯಾಸವೊಂದರಲ್ಲಿ ಇಂಥ ನೋವುಗಳಿಗೆ ‘ಫೈಬ್ರೊಸೈಟಿಸ್’ ಎಂದು ಹೆಸರಿಟ್ಟ. ಸ್ನಾಯುಗಳ ನಾರಿನ ಅಂಗಾಂಶದಲ್ಲಿ ಉರಿಯೂತವಿದೆ ಎಂಬುದು ಅವನ ಎಣಿಕೆ. ಮುಂದೆ ಎಷ್ಟು ಹುಡುಕಿದರೂ ಅಂಥ ಉರಿಯೂತ ಸಿಗಲಿಲ್ಲ. 1976ರಲ್ಲಿ ಅಮೆರಿಕದ ಸಂಧಿವಾತ ತಜ್ಞ ಕಾಹ್ಲರ್ ಹೆಂಚ್ ಇಂದಿನ ಹೆಸರನ್ನು ಬಳಕೆಗೆ ತಂದ. ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧಕ್ಕಾಗಿ 1950ರಲ್ಲಿ ನೊಬೆಲ್ ಪಡೆದ ಫಿಲಿಪ್ ಹೆಂಚ್ ಇವನ ತಂದೆ. ಅಪ್ಪನ ಔಷಧ ಮಗ ಹೆಸರಿಟ್ಟ ಕಾಯಿಲೆಗೆ ಕೆಲಸಕ್ಕೆ ಬರುವುದಿಲ್ಲ ಎಂಬುದು ವೈದ್ಯಶಾಸ್ತ್ರದ ಚರಿತ್ರೆಯ ಒಂದು ತಮಾಷೆ. ಸ್ಟೀರಾಯ್ಡ್‌ನಿಂದ ಈ ನೋವು ಇಳಿಯುವುದಿಲ್ಲ, ತೂಕ ಮಾತ್ರ ಏರುತ್ತದೆ.

ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 1990ರಲ್ಲಿ ರೋಗನಿರ್ಣಯದ ನಿಯಮಗಳನ್ನು ಮಾಡಿತು. ಕತ್ತು, ಭುಜ, ಮೊಣಕೈ, ಸೊಂಟ, ಮೊಣಕಾಲು ಮೊದಲಾದ ಕಡೆ ಗುರುತಿಸಿದ 18 ಬಿಂದುಗಳನ್ನು ಸುಮಾರು 4 ಕೆ.ಜಿ. ಒತ್ತಡದಲ್ಲಿ ಒತ್ತಬೇಕು, ಕನಿಷ್ಠ 11 ಕಡೆ ನೋವಾದರೆ ಫೈಬ್ರೊಮಯಾಲ್ಜಿಯ. ಬೆರಳಿನ ಬಲ ವೈದ್ಯರಿಂದ ವೈದ್ಯರಿಗೆ ಬೇರೆಯಾಗುವುದರಿಂದಲೂ, ಸುಸ್ತು, ನಿದ್ದೆಗಳ ಲೆಕ್ಕವೇ ಇದರಲ್ಲಿ ಇಲ್ಲವಾದ್ದರಿಂದಲೂ 2010ರಲ್ಲಿ ಈ ಕ್ರಮವನ್ನು ಬಿಡಲಾಯಿತು. 2016ರಲ್ಲಿ ಪರಿಷ್ಕರಿಸಿದ ನಿಯಮದಂತೆ ಮೈಯ 19 ಭಾಗಗಳಲ್ಲಿ ಎಷ್ಟು ಕಡೆ ನೋವಿದೆ ಎಂಬುದಕ್ಕೆ ಒಂದು ಅಂಕ, ಸುಸ್ತು, ನಿದ್ದೆ, ಮರೆವು ಮುಂತಾದವುಗಳ ತೀವ್ರತೆಗೆ 12ರವರೆಗೆ ಇನ್ನೊಂದು ಅಂಕ. ಮೊದಲನೆಯದು 7, ಎರಡನೆಯದು 5 ಮುಟ್ಟಿರಬೇಕು. ಅಥವಾ ಮೊದಲನೆಯದು 4ರಿಂದ 6 ಇದ್ದು ಎರಡನೆಯದು 9 ಇರಬೇಕು. ಲಕ್ಷಣಗಳು ಮೂರು ತಿಂಗಳಾದರೂ ಇದ್ದಿರಬೇಕು. ಎರಡೂ ಅಂಕಗಳನ್ನು ಕೂಡಿದರೆ 31ರವರೆಗಿನ ಒಂದು ಅಳತೆ ಸಿಗುತ್ತದೆ. ಇದರಿಂದಾಗಿ ‘ಕಾಯಿಲೆ ಇದೆ, ಇಲ್ಲ’ ಎನ್ನುವುದರ ಜೊತೆಗೆ ‘ಎಷ್ಟಿದೆ’ ಎಂದು ಕೇಳಲು ಸಾಧ್ಯವಾಯಿತು. ತೂಕದೊಂದಿಗಿನ ನಂಟನ್ನು ಹುಡುಕಿದ ಕೆಲವರಿಗೆ ಈ ಅಳತೆ ಒದಗಿಬಂತು.

ನೋವಿನ ಮೂಲ

ಕಾಯಿಲೆಯ ಬೇರು ಸ್ನಾಯುವಿಗಿಂತ ಹೆಚ್ಚಾಗಿ ನರಮಂಡಲದಲ್ಲಿದೆ ಎಂಬ ವಿಷಯದಲ್ಲಿ ಇಂದು ಬಹುಮಟ್ಟಿನ ಒಮ್ಮತವಿದೆ. ಬೆನ್ನುಹುರಿ ಮತ್ತು ಮೆದುಳು ನೋವಿನ ಸಂಕೇತಗಳನ್ನು ತಗ್ಗಿಸುವುದರ ಬದಲು ಹಿಗ್ಗಿಸಿ ಕಳಿಸುತ್ತವೆ. ಬೆನ್ನುಹುರಿಯ ದ್ರವದಲ್ಲಿ ನೋವಿನ ಸಂಕೇತ ಸಾಗಿಸುವ ‘ಸಬ್‌ಸ್ಟೆನ್ಸ್ ಪಿ’ ಎಂಬ ವಸ್ತು ಈ ರೋಗಿಗಳಲ್ಲಿ ಆರೋಗ್ಯವಂತರಿಗಿಂತ ಸುಮಾರು ಮೂರು ಪಟ್ಟು ಇರುವುದು ಕಂಡುಬಂದಿದೆ. ರಿಚರ್ಡ್ ಗ್ರೇಸ್ಲಿ ಮತ್ತು ಸಂಗಡಿಗರು 2002ರಲ್ಲಿ ಮೆದುಳಿನ ಎಂಆರ್‌ಐ ತೆಗೆಯುತ್ತ ಹೆಬ್ಬೆರಳ ಉಗುರನ್ನು ಒತ್ತಿ ನೋಡಿದರು. ಆರೋಗ್ಯವಂತರಿಗೆ ನೋವಾಗಲು ಬೇಕಾದ ಒತ್ತಡದ ಅರ್ಧಕ್ಕಿಂತ ತುಸು ಹೆಚ್ಚು ಸಾಕಿತ್ತು. ರೋಗಿಗಳು ಅಷ್ಟೇ ನೋವು ಹೇಳಿದರು, ಅವರ ಮೆದುಳಿನ ಅದೇ ಭಾಗಗಳು ಅಷ್ಟೇ ಚುರುಕಾದವು. ‘ನೋವು ಇಲ್ಲದೆ ಇದೆ ಅಂತಾರೆ’ ಎಂಬ ದೂರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ. ಗಾಯವೂ ಅಲ್ಲದ, ನರಕ್ಕೆ ಪೆಟ್ಟು ಬಿದ್ದದ್ದೂ ಅಲ್ಲದ ಈ ಬಗೆಯ ನೋವಿಗೆ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ ‘ನೊಸಿಪ್ಲಾಸ್ಟಿಕ್’ ಎಂಬ ಮೂರನೆಯ ವರ್ಗವನ್ನೇ ಮಾಡಿತು.

ತೂಕದ ಪ್ರಶ್ನೆಯನ್ನು ಇದು ಬೇರೆಯಾಗಿಸುತ್ತದೆ. ಮೊಣಕಾಲು ಸವೆತದಲ್ಲಿ ಲೆಕ್ಕ ಸರಳ: ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರಲ್ಲಿ ಅಮೆರಿಕದ ಸ್ಟೀಫನ್ ಮೆಸಿಯರ್ ತಂಡ ಅಳೆದು ತೋರಿಸಿತು. ಫೈಬ್ರೊಮಯಾಲ್ಜಿಯದಲ್ಲಿ ಕತ್ತು, ದವಡೆ, ಭುಜ, ಮುಂಗೈ ಎಲ್ಲವೂ ನೋಯುತ್ತವೆ. ದವಡೆಯ ಮೇಲೆ ದೇಹದ ಭಾರ ಬೀಳುವುದಿಲ್ಲ. ತೂಕಕ್ಕೂ ಈ ನೋವಿಗೂ ನಂಟಿದ್ದರೆ ಅದು ಭಾರದ ದಾರಿಯಿಂದಷ್ಟೇ ಬಂದಿರಲಾರದು.

ಅಧ್ಯಯನಗಳು ಹೇಳುವುದು

ತೂಕ ಮೊದಲೋ ಕಾಯಿಲೆ ಮೊದಲೋ ಎಂಬುದನ್ನು ತಿಳಿಯಲು ಕಾಯಿಲೆ ಇಲ್ಲದವರನ್ನು ತೂಗಿ, ವರ್ಷಗಟ್ಟಲೆ ಕಾದು ನೋಡಬೇಕು. ಅಂಥ ತಾಳ್ಮೆಯ ಕೆಲಸ ನಡೆದದ್ದು ನಾರ್ವೆಯಲ್ಲಿ. ಉತ್ತರ ಟ್ರೊಂಡೆಲಾಗ್ ಪ್ರಾಂತದ ಜನರ ಆರೋಗ್ಯವನ್ನು 1984ರಿಂದ ಸುತ್ತು ಸುತ್ತಾಗಿ ದಾಖಲಿಸುತ್ತಿರುವ ‘ಹಂಟ್’ ಸಮೀಕ್ಷೆಯಲ್ಲಿ 15,990 ಹೆಂಗಸರನ್ನು 11 ವರ್ಷ ಹಿಂಬಾಲಿಸಲಾಯಿತು. ಆ ಅವಧಿಯಲ್ಲಿ 380 ಮಂದಿಗೆ ಹೊಸದಾಗಿ ಫೈಬ್ರೊಮಯಾಲ್ಜಿಯ ಬಂತು. ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ದೇಹತೂಕ ಸೂಚ್ಯಂಕ 25 ದಾಟಿದ್ದವರಲ್ಲಿ ಸಂಭವ ಸಾಮಾನ್ಯ ತೂಕದವರಿಗಿಂತ ಶೇ. 60ರಿಂದ 70ರಷ್ಟು ಹೆಚ್ಚಿತ್ತು. ಪಾಲ್ ಯಾರ್ಲೆ ಮೋರ್ಕ್ ಮತ್ತು ಸಂಗಡಿಗರು 2010ರಲ್ಲಿ ಇದನ್ನು ಪ್ರಕಟಿಸಿದರು. ತೂಕ ಹೆಚ್ಚಿದ್ದು ವ್ಯಾಯಾಮವೂ ಇಲ್ಲದವರಲ್ಲಿ ಅಪಾಯ ಸುಮಾರು ಇಮ್ಮಡಿ. ತೂಕ ಹೆಚ್ಚಿದ್ದರೂ ವಾರಕ್ಕೆ ಒಂದು ಗಂಟೆಯಾದರೂ ವ್ಯಾಯಾಮ ಮಾಡುವವರಲ್ಲಿ ಅದಕ್ಕಿಂತ ಕಡಿಮೆ.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಶೇ. 60 ಹೆಚ್ಚು ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ ಹನ್ನೊಂದು ವರ್ಷಗಳಲ್ಲಿ ಹದಿನಾರು ಸಾವಿರದಲ್ಲಿ ಕಾಯಿಲೆ ಬಂದದ್ದೇ 380 ಮಂದಿಗೆ. ತೂಕ ಹೆಚ್ಚಿದ್ದ ಬಹುತೇಕ ಹೆಂಗಸರಿಗೆ ಈ ಕಾಯಿಲೆ ಬರಲಿಲ್ಲ, ತೆಳ್ಳಗಿದ್ದ ಹಲವರಿಗೆ ಬಂತು.

ಕಾಯಿಲೆ ಬಂದವರಲ್ಲಿ ತೂಕದ ಹಂಚಿಕೆ ಹೇಗಿದೆ? ಯೂಟಾ ವಿಶ್ವವಿದ್ಯಾಲಯದ ಅಕಿಕೊ ಒಕಿಫುಜಿ ತಂಡ 2010ರಲ್ಲಿ ವರದಿ ಮಾಡಿದ 215 ರೋಗಿಗಳಲ್ಲಿ ಶೇ. 47 ಮಂದಿಗೆ ಬೊಜ್ಜಿತ್ತು, ಇನ್ನೂ ಶೇ. 30 ಮಂದಿ ಅಧಿಕ ತೂಕದವರು. ಆ ಹೊತ್ತಿಗೆ ಅಮೆರಿಕದ ವಯಸ್ಕರಲ್ಲಿ ಬೊಜ್ಜಿನ ಪ್ರಮಾಣ ಸುಮಾರು ಮೂರನೆಯ ಒಂದು ಭಾಗ. ಬೊಜ್ಜಿದ್ದವರಲ್ಲಿ ಸೊಂಟದಿಂದ ಕೆಳಗೆ ಒತ್ತಿದರೆ ನೋವು ಹೆಚ್ಚು, ಮೈಯ ಬಲ ಮತ್ತು ಬಾಗುವಿಕೆ ಕಡಿಮೆ, ನಿದ್ದೆಯ ಅವಧಿಯೂ ಕಡಿಮೆ. ಮಿನೆಸೋಟದ ಮೇಯೊ ಕ್ಲಿನಿಕ್‌ನಲ್ಲಿ 888 ರೋಗಿಗಳನ್ನು ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಚಿತ್ರವೂ ಇಂಥದ್ದೇ: ತೀವ್ರ ಬೊಜ್ಜಿನ ಗುಂಪಿನಲ್ಲಿ ಲಕ್ಷಣಗಳು ಹೆಚ್ಚು ಬಿರುಸು, ಬದುಕಿನ ಗುಣಮಟ್ಟ ಕಡಿಮೆ. ಆದರೆ ಅದೇ ಅಧ್ಯಯನದಲ್ಲಿ ಶೇ. 28 ಮಂದಿ ಅಧಿಕ ತೂಕದವರ ಪಟ್ಟಿಗೇ ಸೇರಿರಲಿಲ್ಲ. ತೂಕವೇ ಕಾರಣವೆನ್ನುವವರು ಈ ಕಾಲುಭಾಗಕ್ಕೂ ಮಿಕ್ಕ ರೋಗಿಗಳಿಗೆ ಏನು ಹೇಳುತ್ತಾರೋ ತಿಳಿಯದು. ಇವೆಲ್ಲ ದೊಡ್ಡ ಆಸ್ಪತ್ರೆಗಳಿಗೆ ಬಂದವರ ಲೆಕ್ಕ, ಅದೂ ಅಮೆರಿಕದ್ದು. ಊರಿನ ಎಲ್ಲ ರೋಗಿಗಳಿಗೂ ಹಾಗೆಯೇ ಅನ್ವಯಿಸುವಂತಿಲ್ಲ.

ತೂಕದಿಂದ ನೋವಿನ ಕಡೆಗೆ

ಕೊಬ್ಬು ಸುಮ್ಮನೆ ಕೂತಿರುವ ದಾಸ್ತಾನಲ್ಲ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಹಾರ್ಮೋನನ್ನು ಪತ್ತೆಹಚ್ಚಿದ ಮೇಲೆ ಕೊಬ್ಬಿನ ಅಂಗಾಂಶವನ್ನೂ ಒಂದು ಗ್ರಂಥಿಯಂತೆಯೇ ನೋಡುವುದು ರೂಢಿಯಾಗಿದೆ. ಮುಖ್ಯವಾಗಿ ಹೊಟ್ಟೆಯೊಳಗಿನ ಕೊಬ್ಬು ಇಂಟರ್‌ಲ್ಯೂಕಿನ್-6, ಟಿಎನ್‌ಎಫ್-ಆಲ್ಫಾ ಮೊದಲಾದ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಬೊಜ್ಜಿದ್ದವರಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ತುಸು ಮೇಲಿರುವುದು ಇದರಿಂದಲೇ. ಈ ರಾಸಾಯನಿಕಗಳು ನೋವಿನ ನರಗಳ ಸೂಕ್ಷ್ಮತೆಯನ್ನು ಹೆಚ್ಚಿಸಬಲ್ಲವು. ಮೊದಲೇ ಸೂಕ್ಷ್ಮವಾಗಿರುವ ನರಮಂಡಲಕ್ಕೆ ಈ ಸಣ್ಣ ಉರಿಯೂತವೂ ಸಾಲುತ್ತದೆ ಎಂಬುದು ಒಂದು ವಿವರಣೆ. ಇದು ನೇರವಾಗಿ ಸಾಬೀತಾದ ಸಂಗತಿಯಲ್ಲ, ಆದರೂ ಒಪ್ಪಬಹುದಾದ ಊಹೆ.

ಇದಕ್ಕಿಂತ ಗಟ್ಟಿಯಾದ ದಾರಿ ನಿದ್ದೆ. ಟೊರಾಂಟೋದಲ್ಲಿ ಹಾರ್ವೆ ಮಾಲ್ಡೋಫ್‌ಸ್ಕಿ ಮತ್ತು ಹ್ಯೂ ಸ್ಮೈತ್ 1975ರಲ್ಲಿ ಈ ರೋಗಿಗಳ ಗಾಢನಿದ್ದೆಯ ಮಧ್ಯೆ ಎಚ್ಚರದ ಅಲೆಗಳು ನುಸುಳುವುದನ್ನು ದಾಖಲಿಸಿದರು. ಅಷ್ಟಕ್ಕೇ ನಿಲ್ಲದೆ ಆರೋಗ್ಯವಂತ ಯುವಕರ ಗಾಢನಿದ್ದೆಯನ್ನು ಸದ್ದು ಮಾಡಿ ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು ಶುರುವಾಯಿತು. ಕತ್ತಿನ ಸುತ್ತ ಕೊಬ್ಬು ಹೆಚ್ಚಿದ್ದವರಲ್ಲಿ ಮಲಗಿದಾಗ ಉಸಿರುದಾರಿ ಮುಚ್ಚಿಕೊಳ್ಳುವ ಸ್ಲೀಪ್ ಆಪ್ನಿಯ ಸಾಮಾನ್ಯ. ಅದರಿಂದ ರಾತ್ರಿಯಲ್ಲಿ ಎಷ್ಟೋ ಸಲ ಅರೆಎಚ್ಚರವಾಗುತ್ತದೆ, ರೋಗಿಗೆ ನೆನಪೂ ಇರುವುದಿಲ್ಲ. ಫೈಬ್ರೊಮಯಾಲ್ಜಿಯದ ರೋಗಿ ಜೋರಾಗಿ ಗೊರಕೆ ಹೊಡೆಯುತ್ತಾರೆ, ಹಗಲಲ್ಲಿ ತೂಕಡಿಸುತ್ತಾರೆ ಎಂದಾದರೆ ನಿದ್ದೆಯ ಪರೀಕ್ಷೆ ಮಾಡಿಸಲೇಬೇಕು. ನಮ್ಮಲ್ಲಿ ಹೆಂಗಸರ ಗೊರಕೆಯನ್ನು ಮನೆಯವರೂ ಹೇಳುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ಹಾಗಾಗಿ ಸರಿಪಡಿಸಬಹುದಾದ ಈ ತೊಂದರೆ ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಇವುಗಳ ಜೊತೆಗೆ ಅವಮಾನವೂ ಒಂದು. ದಪ್ಪಗಿರುವವರ ನೋವಿಗೆ ‘ದಪ್ಪ ಇದ್ದೀರಿ, ಅದಕ್ಕೇ’ ಎಂಬ ಉತ್ತರ ಸಿದ್ಧವಿರುತ್ತದೆ. ತೆಳ್ಳಗಿರುವವರಿಗೆ ‘ನೋಡೋಕೆ ಚೆನ್ನಾಗೇ ಇದ್ದೀಯಲ್ಲ’. ಎರಡರಲ್ಲೂ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ.

ನೋವಿನಿಂದ ತೂಕದ ಕಡೆಗೆ

ನೋಯುವ ಮೈಯನ್ನು ಅಲುಗಿಸದೆ ಇಡುವುದು ಸಹಜ. ಕಾಯಿಲೆ ಶುರುವಾದ ಮೇಲೆ ನಡಿಗೆ ಕಡಿಮೆಯಾಗುತ್ತದೆ, ಮೆಟ್ಟಿಲು ಬಿಡುತ್ತಾರೆ, ಕುಳಿತೇ ಮಾಡುವ ಕೆಲಸಗಳು ಹೆಚ್ಚುತ್ತವೆ. ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯುವಿಗೆ ಸಣ್ಣ ಕೆಲಸವೂ ದೊಡ್ಡದಾಗಿ, ಮರುದಿನ ನೋವು ಇನ್ನಷ್ಟಾಗುತ್ತದೆ. ಊಟ ಮೊದಲಿನಷ್ಟೇ ಇರುತ್ತದೆ, ಖರ್ಚು ಇಳಿದಿರುತ್ತದೆ.

ಊಟವೂ ಮೊದಲಿನಷ್ಟೇ ಇರುವುದಿಲ್ಲ ಎಂಬುದನ್ನು ನಿದ್ದೆಯ ಸಂಶೋಧನೆ ತೋರಿಸಿದೆ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ನಡೆದ ಪ್ರಯೋಗವೊಂದರಲ್ಲಿ 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಶೇ. 18 ಇಳಿಯಿತು, ಹಸಿವು ಹುಟ್ಟಿಸುವ ಗ್ರೆಲಿನ್ ಶೇ. 28 ಏರಿತು, ಅವರೇ ಹೇಳಿಕೊಂಡ ಹಸಿವು ಶೇ. 24 ಹೆಚ್ಚಿತು; ಸಿಹಿ ಮತ್ತು ಪಿಷ್ಟದ ತಿನಿಸಿನ ಆಸೆ ಎಲ್ಲಕ್ಕಿಂತ ಹೆಚ್ಚು. ಎರಡು ರಾತ್ರಿಗೇ ಇಷ್ಟಾದರೆ ವರ್ಷಗಟ್ಟಲೆ ಸರಿಯಾಗಿ ಮಲಗದವರ ಪಾಡನ್ನು ಊಹಿಸಿಕೊಳ್ಳಬಹುದು. ಸಂಜೆ ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡುವವರನ್ನು ‘ಬಾಯಿಕಟ್ಟಿಲ್ಲ’ ಎಂದು ದೂರುವ ಮುನ್ನ ಅವರು ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದ್ದರು ಎಂದು ಕೇಳುವುದು ನ್ಯಾಯ.

ಔಷಧಗಳು ಮತ್ತು ತೂಕ

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಕಾಯಿಲೆಗೆ 2007ರಲ್ಲಿ ಪ್ರಿಗಾಬಲಿನ್, 2008ರಲ್ಲಿ ಡುಲಾಕ್ಸೆಟಿನ್, 2009ರಲ್ಲಿ ಮಿಲ್ನಾಸಿಪ್ರಾನ್ ಔಷಧಗಳಿಗೆ ಒಪ್ಪಿಗೆ ನೀಡಿತು. ಯುರೋಪಿನ ಸಂಸ್ಥೆ, ಸಿಗುವ ಲಾಭ ಸಾಲದೆಂದು ಮೂರಕ್ಕೂ ಒಪ್ಪಲಿಲ್ಲ. ಭಾರತದಲ್ಲಿ ಇವು ದೊರೆಯುತ್ತವೆ. ಬಹಳ ಹಿಂದಿನಿಂದ ಬಳಕೆಯಲ್ಲಿರುವ ಅಮಿಟ್ರಿಪ್ಟಿಲಿನ್ ಕೂಡ ರಾತ್ರಿ ಮಲಗುವಾಗ ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು.

ತೂಕದ ದೃಷ್ಟಿಯಿಂದ ಇವೆಲ್ಲ ಒಂದೇ ಅಲ್ಲ. ಪ್ರಿಗಾಬಲಿನ್‌ನಿಂದ ಹಸಿವು ಹೆಚ್ಚಿ ತೂಕ ಏರಬಹುದು, ಪಾದದಲ್ಲಿ ನೀರು ತುಂಬಿ ಬಾವು ಬರಬಹುದು. ಗಾಬಾಪೆಂಟಿನ್ ಕೂಡ ಇದೇ ಜಾತಿಯದು. ಅಮಿಟ್ರಿಪ್ಟಿಲಿನ್ ಕೂಡ ಹಸಿವು ಹೆಚ್ಚಿಸುತ್ತದೆ. ಡುಲಾಕ್ಸೆಟಿನ್ ಮತ್ತು ಮಿಲ್ನಾಸಿಪ್ರಾನ್ ತೂಕವನ್ನು ಅಷ್ಟಾಗಿ ಏರಿಸುವುದಿಲ್ಲ, ಮೊದಮೊದಲು ತುಸು ಇಳಿಸಲೂಬಹುದು. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ‘ನರದ ಮಾತ್ರೆ’ ಎಂದು ಕೊಡುವ ಸಂಯುಕ್ತ ಗುಳಿಗೆಗಳಲ್ಲಿ ಮೀಥೈಲ್‌ಕೋಬಾಲಮಿನ್ ಎಂಬ ವಿಟಮಿನ್ ಜೊತೆಗೆ ಪ್ರಿಗಾಬಲಿನ್ ಇರುವುದು ಸಾಮಾನ್ಯ. ವಿಟಮಿನ್ ನುಂಗುತ್ತಿದ್ದೇನೆ ಎಂದುಕೊಂಡವರಿಗೆ ಆರು ತಿಂಗಳಲ್ಲಿ ಬಟ್ಟೆ ಬಿಗಿಯಾದರೆ ಕಾರಣ ಆ ಪೊಟ್ಟಣದ ಹಿಂದೆಯೇ ಅಚ್ಚಾಗಿರಬಹುದು. ಹಾಗೆಂದು ತಾವಾಗಿ ಥಟ್ಟನೆ ನಿಲ್ಲಿಸಬಾರದು. ನಿದ್ದೆಗೇಡು, ತಳಮಳ, ವಾಕರಿಕೆ ಬರುವುದುಂಟು. ವೈದ್ಯರು ಪ್ರಮಾಣವನ್ನು ನಿಧಾನವಾಗಿ ಇಳಿಸಿ ಬೇರೆ ಔಷಧ ಕೊಡಬಲ್ಲರು.

ಸ್ಟೀರಾಯ್ಡ್ ವಿಷಯ ಇನ್ನೂ ಕೆಟ್ಟದ್ದು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ (ಯೂಲಾರ್) ಫೈಬ್ರೊಮಯಾಲ್ಜಿಯಕ್ಕೆ ಸ್ಟೀರಾಯ್ಡ್ ಬೇಡವೆಂದು ಸ್ಪಷ್ಟವಾಗಿ ಹೇಳಿದೆ. ಆದರೆ ಕೀಲುನೋವಿಗೆಂದು ಹೆಸರಿಲ್ಲದೆ ಮಾರುವ ಕೆಲವು ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಭಾರತದ ವೈದ್ಯಕೀಯ ವರದಿಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಮುಖ ಊದಿಕೊಂಡು, ಹೊಟ್ಟೆ ಬೆಳೆದು, ಕೈಕಾಲು ಸಣ್ಣಗಾದರೆ ಅಂಥ ಔಷಧದ ಮೇಲೆ ಸಂಶಯ ಬರಬೇಕು.

ತೂಕ ಇಳಿದರೆ ಏನಾಗುತ್ತದೆ

ಇಳಿಸಿದವರಿಗೆ ಅನುಕೂಲವಾಗಿದೆ ಎಂಬುದಕ್ಕೆ ಪುರಾವೆ ಇದೆ, ಅದು ಬೆಟ್ಟದಷ್ಟಲ್ಲ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಧಿಕ ತೂಕದ 42 ಹೆಂಗಸರು 20 ವಾರಗಳ ಕಾರ್ಯಕ್ರಮದಲ್ಲಿ ಸರಾಸರಿ ಶೇ. 4ಕ್ಕೂ ತುಸು ಹೆಚ್ಚು ತೂಕ ಇಳಿಸಿದರು. ತೂಕ ಹೆಚ್ಚು ಇಳಿದವರಲ್ಲಿ ಲಕ್ಷಣಗಳೂ ಹೆಚ್ಚು ತಗ್ಗಿದವು. ಈಜಿಪ್ಟಿನಲ್ಲಿ 2012ರಲ್ಲಿ ಬೊಜ್ಜಿದ್ದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಆರು ತಿಂಗಳು ಆಹಾರ ನಿಯಂತ್ರಣ ಕೊಟ್ಟರು. ಆ ಪಾಲಿನವರ ನೋವಿನ ಬಿಂದುಗಳು ಕಡಿಮೆಯಾದವು, ನಿದ್ದೆ ಸುಧಾರಿಸಿತು, ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಮತ್ತು ಸಿಆರ್‌ಪಿ ಇಳಿದವು. ಫಿನ್ಲೆಂಡಿನಲ್ಲಿ 2000ದಲ್ಲಿ ಮೂರು ತಿಂಗಳ ಹಸಿ ಸಸ್ಯಾಹಾರದ ಪ್ರಯೋಗವೂ ನಡೆದಿತ್ತು. ಅಲ್ಲಿಯೂ ತೂಕ, ನೋವು ಎರಡೂ ಇಳಿದವು. ಆದರೆ ರೋಗಿಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲವಾದ್ದರಿಂದ ಅದರ ಮೇಲೆ ಹೆಚ್ಚು ಭಾರ ಹಾಕುವಂತಿಲ್ಲ.

ಇವೆಲ್ಲಕ್ಕಿಂತ ಕುತೂಹಲದ ಕೆಲಸ ಮಿಶಿಗನ್ ವಿಶ್ವವಿದ್ಯಾಲಯದ್ದು. ಆಂಡ್ರ್ಯೂ ಶ್ರೆಫ್ ಮತ್ತು ಸಂಗಡಿಗರು 2017ರಲ್ಲಿ ಬೊಜ್ಜಿಗೆಂದು ಚಿಕಿತ್ಸೆಗೆ ಬಂದಿದ್ದ 123 ಮಂದಿಯನ್ನು ನೋಡಿದರು. ಇವರೆಲ್ಲ ಫೈಬ್ರೊಮಯಾಲ್ಜಿಯದ ರೋಗಿಗಳಲ್ಲ. ಆದರೆ ಎಲ್ಲರನ್ನೂ ಮೇಲೆ ಹೇಳಿದ 31ರ ಅಳತೆಯಲ್ಲಿ ಅಳೆಯಲಾಯಿತು. ಹನ್ನೆರಡು ವಾರಗಳ ಕಡಿಮೆ ಕ್ಯಾಲೊರಿ ಆಹಾರದ ನಂತರ ಶೇ. 10 ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ ನೋವಿನ ಹರಹು, ಸುಸ್ತು, ಖಿನ್ನತೆ ಇವು ಹೆಚ್ಚು ತಗ್ಗಿದ್ದವು. ನೋವು ಇಳಿದದ್ದು ಮೊಣಕಾಲು, ಸೊಂಟಗಳಲ್ಲಷ್ಟೇ ಅಲ್ಲ, ಮೈಯ ಭಾರ ಹೊರದ ಭಾಗಗಳಲ್ಲೂ. ತೂಕ ಇಳಿಕೆಯ ಪರಿಣಾಮ ನರಮಂಡಲದ ಮಟ್ಟದಲ್ಲೂ ಆಗುತ್ತದೆ ಎಂಬುದಕ್ಕೆ ಇದು ಸುಳಿವು. ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರ ಫೈಬ್ರೊಮಯಾಲ್ಜಿಯದ ಲಕ್ಷಣಗಳು ಕಡಿಮೆಯಾದ ವರದಿಗಳೂ ಇವೆ. ಅವು ಕೆಲವೇ ರೋಗಿಗಳ, ಹೋಲಿಕೆಯ ಗುಂಪಿಲ್ಲದ ವರದಿಗಳು. ಈ ಕಾಯಿಲೆಗಾಗಿಯೇ ಆ ಶಸ್ತ್ರಚಿಕಿತ್ಸೆ ಮಾಡಿಸುವಂತಿಲ್ಲ.

ಎಲ್ಲ ಅಧ್ಯಯನಗಳ ಕೊರತೆ ಒಂದೇ: ಗುಂಪು ಚಿಕ್ಕದು, ಅವಧಿ ಮೊಟಕು. ಇಳಿದ ತೂಕ ಎರಡು ವರ್ಷದ ಮೇಲೆ ಎಲ್ಲಿ ನಿಂತಿತು, ನೋವು ಮರಳಿತೇ ಎಂಬುದನ್ನು ಅವು ಹೇಳುವುದಿಲ್ಲ. ಎರಡು ವಾರ ಉಪವಾಸ, ಆಮೇಲೆ ಮೊದಲಿನಂತೆ ಎಂಬ ಪದ್ಧತಿಗಂತೂ ಇವು ಯಾವುವೂ ಸಮರ್ಥನೆಯಲ್ಲ. ಬಿರುಸಿನ ಉಪವಾಸದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಈ ರೋಗಿಗಳಲ್ಲಿ ಕಳೆದುಕೊಳ್ಳಲು ಹೆಚ್ಚು ಸ್ನಾಯು ಇರುವುದೂ ಇಲ್ಲ.

ವ್ಯಾಯಾಮದ ಸ್ಥಾನ

ಯೂಲಾರ್ 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ‘ಖಂಡಿತ ಮಾಡಿ’ ಎಂಬ ಬಲವಾದ ಮಾತು ಸಿಕ್ಕಿದ್ದು ಒಂದಕ್ಕೇ: ವ್ಯಾಯಾಮ. ಅದೇ ವರ್ಷ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಹಾಕಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 13 ಪ್ರಯೋಗಗಳ 839 ರೋಗಿಗಳ ಲೆಕ್ಕ ಹಾಕಿ, ಉಸಿರು ಏರುವಂಥ ನಡಿಗೆ, ಸೈಕಲ್ ಮೊದಲಾದ ವ್ಯಾಯಾಮದಿಂದ ಬದುಕಿನ ಗುಣಮಟ್ಟ ಸುಧಾರಿಸುವ ಸಂಭವ ಹೆಚ್ಚೆಂದು ಹೇಳಿತು. ಬಾಸ್ಟನ್ನಿನ ಟಫ್ಟ್ಸ್ ಕೇಂದ್ರದ ಚೆನ್‌ಚೆನ್ ವಾಂಗ್ ನಿಧಾನ ಚಲನೆಗಳ ಚೀನೀ ವ್ಯಾಯಾಮವಾದ ತಾಯ್ ಚಿ ಅಭ್ಯಾಸದಿಂದ ಆಗುವ ಅನುಕೂಲವನ್ನು 2010ರಲ್ಲಿ 66 ಮಂದಿಯಲ್ಲೂ 2018ರಲ್ಲಿ 226 ಮಂದಿಯಲ್ಲೂ ತೋರಿಸಿದರು. ಆರೆಗನ್‌ನಲ್ಲಿ 2010ರಲ್ಲಿ 53 ಹೆಂಗಸರ ಮೇಲೆ ಎಂಟು ವಾರಗಳ ಯೋಗ ಕಾರ್ಯಕ್ರಮದ ಪರೀಕ್ಷೆ ನಡೆದು ನೋವು, ಸುಸ್ತು ಕಡಿಮೆಯಾದದ್ದು ಕಂಡಿತು.

ಇಲ್ಲಿ ಗಮನಿಸಬೇಕಾದದ್ದು, ವ್ಯಾಯಾಮದ ಫಲ ಸಿಗಲು ತೂಕ ಇಳಿಯಲೇಬೇಕೆಂದಿಲ್ಲ. ಮೂರು ತಿಂಗಳು ನಡೆದೂ ತೂಕದ ಯಂತ್ರದ ಮುಳ್ಳು ಅಲ್ಲೇ ನಿಂತಿದೆ ಎಂದು ನಡಿಗೆ ಬಿಡುವವರು ಸಿಕ್ಕಿದ ಲಾಭವನ್ನು ತಪ್ಪು ಯಂತ್ರದಲ್ಲಿ ಅಳೆಯುತ್ತಿದ್ದಾರೆ. ಇನ್ನೊಂದು ಸಾಮಾನ್ಯ ಮಾತು, ‘ದಿನವಿಡೀ ಮನೆಯಲ್ಲಿ ಓಡಾಡ್ತೀನಲ್ಲ, ಬೇರೆ ವ್ಯಾಯಾಮ ಯಾಕೆ?’ ಅಡುಗೆಮನೆಯ ಕೆಲಸ ದುಡಿಮೆಯೇ, ಆದರೆ ಅದರಲ್ಲಿ ನಿಂತಲ್ಲೇ ನಿಂತು ಕತ್ತು, ಭುಜ ಬಿಗಿಹಿಡಿಯುವುದು ಹೆಚ್ಚು. ಉಸಿರು ಏರುವಂತೆ ಒಂದೇ ಸಮನೆ ಸಾಗುವ ನಡಿಗೆಯ ಗುಣ ಅದಕ್ಕಿಲ್ಲ. ಆರಂಭ ಮಾತ್ರ ತೀರ ಚಿಕ್ಕದಾಗಿರಬೇಕು. ನೋವಿಲ್ಲದ ದಿನ ಮನೆ ಪೂರ್ತಿ ಗುಡಿಸಿ ಒರೆಸಿ, ಮರುದಿನದಿಂದ ಹಾಸಿಗೆ ಹಿಡಿಯುವ ಏರಿಳಿತ ಈ ರೋಗಿಗಳೆಲ್ಲರಿಗೂ ಗೊತ್ತಿರುವಂಥದ್ದು. ಐದು ಹತ್ತು ನಿಮಿಷದಿಂದ ಶುರುಮಾಡಿ, ಒಳ್ಳೆಯ ದಿನವೂ ಕೆಟ್ಟ ದಿನವೂ ಅಷ್ಟೇ ಇಟ್ಟುಕೊಂಡು, ವಾರಗಳ ಮೇಲೆ ತುಸು ತುಸು ಏರಿಸುವುದೇ ದಾರಿ. ತೂಕ ಹೆಚ್ಚಿದ್ದು ಮೊಣಕಾಲೂ ಕೈಕೊಟ್ಟಿದ್ದರೆ ನೀರಿನಲ್ಲಿ ಮಾಡುವ ವ್ಯಾಯಾಮ ಹಿತ.

ಭಾರತೀಯರ ತೂಕ

ದೇಹತೂಕ ಸೂಚ್ಯಂಕವೆಂದರೆ ಕಿಲೋಗಳಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿ ಬರುವ ಅಂಕಿ. ಲೋಕದ ಬಹಳಷ್ಟು ಕಡೆ 25ಕ್ಕೆ ಅಧಿಕ ತೂಕ, 30ಕ್ಕೆ ಬೊಜ್ಜು ಶುರುವಾದರೆ, 2009ರ ಭಾರತೀಯ ತಜ್ಞರ ಒಮ್ಮತದಂತೆ ನಮ್ಮವರಿಗೆ 23 ಮತ್ತು 25. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. 155 ಸೆಂ.ಮೀ. ಎತ್ತರ, 58 ಕೆ.ಜಿ. ತೂಕದ ಹೆಂಗಸಿನ ಸೂಚ್ಯಂಕ ಸುಮಾರು 24. ನಾರ್ವೆಯ ಲೆಕ್ಕದಲ್ಲಿ ಸಾಮಾನ್ಯ, ನಮ್ಮಲ್ಲಿ ಅಧಿಕ.

ಹೀಗೇಕೆ ಎಂಬುದಕ್ಕೆ ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚು ಹಾಕಿ ಉತ್ತರ ಕೊಟ್ಟರು. ಇಬ್ಬರ ಸೂಚ್ಯಂಕವೂ 22.3; ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಅಂದರೆ ಅದೇ ತೂಕದಲ್ಲಿ ಭಾರತೀಯರಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರಬಹುದು. ಫೈಬ್ರೊಮಯಾಲ್ಜಿಯದ ಮಟ್ಟಿಗೆ ಇವೆರಡೂ ಅನುಕೂಲದ ಸಂಗತಿಗಳಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಕರ್ನಾಟಕದ ಹೆಂಗಸರಲ್ಲಿ ಸುಮಾರು ಶೇ. 30 ಮಂದಿ ಅಧಿಕ ತೂಕದವರು, ಅದೂ 25ರ ಗೆರೆಯಿಂದ ಎಣಿಸಿದಾಗ. ಸರಿಸುಮಾರು ಇಷ್ಟೇ ಪ್ರಮಾಣ ಗಂಡಸರಲ್ಲೂ ಇದೆ.

ನಮ್ಮ ಊಟದಲ್ಲಿ ಅನ್ನ, ಮುದ್ದೆ, ರೊಟ್ಟಿಗಳ ಪಾಲು ದೊಡ್ಡದು, ಬೇಳೆಕಾಳು, ಮೊಸರು, ಮೊಟ್ಟೆಗಳ ಪಾಲು ಚಿಕ್ಕದು. ತೂಕ ಇಳಿಸಬೇಕಾದವರು ಒಪ್ಪೊತ್ತು ಮಾಡುವುದಕ್ಕಿಂತ ಈ ಪಾಲನ್ನು ಬದಲಿಸುವುದು ಸ್ನಾಯುವಿಗೆ ಕ್ಷೇಮ. ಗ್ಲುಟೆನ್ ಬಿಡಿ, ಹಾಲು ಬಿಡಿ, ಟೊಮೇಟೊ ಬಿಡಿ ಎಂಬ ಪಟ್ಟಿಗಳಿಗೆ ಈ ಕಾಯಿಲೆಯಲ್ಲಿ ಗಟ್ಟಿ ಆಧಾರವಿಲ್ಲ.

ನಮ್ಮಲ್ಲಿ ವೈದ್ಯರು ಮೊದಲು ನೋಡಬೇಕಾದ ಇನ್ನೆರಡು ಸಂಗತಿಗಳಿವೆ. ಥೈರಾಯ್ಡ್ ಕೊರತೆಯಲ್ಲಿ ತೂಕ ಏರುತ್ತದೆ, ಮೈಕೈ ನೋಯುತ್ತದೆ, ಸುಸ್ತಾಗುತ್ತದೆ; ವಿಟಮಿನ್ ಡಿ ತೀರ ಕಡಿಮೆಯಾಗಿ ಎಲುಬು ಮೆದುವಾದರೂ ಮೈಯೆಲ್ಲ ನೋಯುತ್ತದೆ. ಎರಡೂ ಭಾರತದ ಹೆಂಗಸರಲ್ಲಿ ಸಾಮಾನ್ಯ, ಎರಡಕ್ಕೂ ಅಗ್ಗದ ಚಿಕಿತ್ಸೆ ಇದೆ. ಇವನ್ನು ನೋಡದೆ ಫೈಬ್ರೊಮಯಾಲ್ಜಿಯವೆಂದು ಹಣೆಪಟ್ಟಿ ಹಚ್ಚುವುದು ತಪ್ಪು. ಇವು ಇದ್ದವರಿಗೆ ಫೈಬ್ರೊಮಯಾಲ್ಜಿಯ ಇರಲಾರದು ಎಂದುಕೊಳ್ಳುವುದೂ ತಪ್ಪು. ಮಾತ್ರೆಯಿಂದ ಥೈರಾಯ್ಡ್ ಅಂಕಿ ಸರಿಹೋದ ಮೇಲೂ ನೋವು ಉಳಿದರೆ ಎರಡೂ ಒಟ್ಟಿಗೆ ಇರಬಹುದು.

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದಿವೆ. ಇವುಗಳಲ್ಲಿ ಸೆಮಾಗ್ಲುಟೈಡ್ ಬೊಜ್ಜಿದ್ದವರ ಮೊಣಕಾಲು ಸವೆತದ ನೋವನ್ನು ಇಳಿಸಿದ್ದು 2024ರ ಪ್ರಯೋಗದಲ್ಲಿ ಕಂಡಿದೆ. ಅದು ಬೇರೆ ಕಾಯಿಲೆ. ಫೈಬ್ರೊಮಯಾಲ್ಜಿಯಕ್ಕೆಂದು ಒಪ್ಪಿಗೆ ಪಡೆದ ತೂಕ ಇಳಿಸುವ ಔಷಧ ಯಾವುದೂ ಇಲ್ಲ.

ಕೊನೆಯದಾಗಿ, ಈ ಕಾಯಿಲೆಯಲ್ಲಿ ತೂಕ ತಾನಾಗಿ ಇಳಿಯುವುದಿಲ್ಲ. ಮೈಯೆಲ್ಲ ನೋವಿದ್ದು, ಪ್ರಯತ್ನವಿಲ್ಲದೆಯೇ ತೂಕ ಇಳಿಯುತ್ತಿದ್ದರೆ, ಜೊತೆಗೆ ಸಂಜೆ ಜ್ವರ, ರಾತ್ರಿ ಬೆವರು, ಕೀಲು ಬಾವು ಇವುಗಳಲ್ಲಿ ಯಾವುದಾದರೂ ಇದ್ದರೆ ಕ್ಷಯ, ಮಧುಮೇಹ, ಸಂಧಿವಾತ, ಕ್ಯಾನ್ಸರ್ ಮುಂತಾದ ಬೇರೆ ಕಾರಣಗಳನ್ನು ಹುಡುಕಬೇಕು. ಫೈಬ್ರೊಮಯಾಲ್ಜಿಯವೆಂದು ಮೊದಲೇ ಹೇಳಿಸಿಕೊಂಡಿರುವವರೂ ಆಗ ಹೊಸದಾಗಿ ಪರೀಕ್ಷೆ ಮಾಡಿಸಿಕೊಳ್ಳಲು ತಡಮಾಡಬಾರದು.